ಗುರುವಾರದ ಮಧ್ಯಾಹ್ನ ಬಿಟ್ಟುಕೊಡಿ

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಎನ್‌ಎಸ್‌ಎಸ್ ಶಿಬಿರ ನಡೆದಿತ್ತು. ನಾಲ್ಕನೆಯ ದಿನ ಚರಂಡಿ ಶ್ರಮದಾನದ ಗುಂಪಿನಲ್ಲಿ ಬಿಕಾಂ ಎರಡನೆಯ ವರ್ಷದ ಹುಡುಗಿಯೊಬ್ಬಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅಂಗನವಾಡಿಯ ಜಗಲಿಯ ಮೇಲೆ, ಮಹಿಳಾ ಸಂಘದವರ ನಡುವೆ, ಸಾಲದ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ನಾನು ಆಗ ಯೋಜನಾಧಿಕಾರಿ. ಗದರಲೆಂದು ಹೋದವನು ಸುಮ್ಮನೆ ಕಂಬಕ್ಕೊರಗಿ ನಿಂತೆ.

ಸದಸ್ಯೆಯೊಬ್ಬರು ಸಂಘದಿಂದ 10,000 ರೂಪಾಯಿ ಸಾಲ ಪಡೆದಿದ್ದರು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಹತ್ತು ಕಂತು. ಪುಸ್ತಕದಲ್ಲಿ ತಿಂಗಳು ತಿಂಗಳೂ 200 ರೂಪಾಯಿಯಂತೆ ಒಟ್ಟು 2,000 ಬಡ್ಡಿ ಬರೆದಿತ್ತು. ಅಸಲು ಕಂತಿಗೆ ಸಾವಿರದಂತೆ ಇಳಿಯುತ್ತಿದೆಯಲ್ಲ, ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕಿದರೆ 1,100 ಆಗುತ್ತದೆ ಎಂದು ಹುಡುಗಿ ಲೆಕ್ಕ ಮಾಡಿ ತೋರಿಸಿದಳು. ಅಲ್ಲಿದ್ದ ಹಿರಿಯ ಹೆಂಗಸು ನಕ್ಕು, “ಜಾಸ್ತಿ ಬಂದಿದ್ದು ಎಲ್ಲಿಗೋಯ್ತದಮ್ಮ, ಸಂಘದಾಗೇ ಐತಲ್ಲ” ಅಂದರು. ಹುಡುಗಿ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಯೋಚಿಸಿದಳು. ಆಮೇಲೆ ಕೇಳಿದಳು: “ವರ್ಷದ ಕೊನೆಗೆ ಲಾಭ ಹೆಂಗೆ ಹಂಚ್ಕೋತೀರಜ್ಜಿ?” ಎಲ್ಲರಿಗೂ ಸಮನಾಗಿ ಎಂಬ ಉತ್ತರ ಬಂತು. “ಹಂಗಾದ್ರೆ ಸಾಲ ತಗೊಂಡೋರ ದುಡ್ಡು ಸಾಲ ಬೇಡದೋರ ಮನೆಗೆ ಹೋಗ್ತಿದೆ.” ಜಗಲಿ ಒಂದು ಗಳಿಗೆ ಮೌನವಾಯಿತು. ಪದೇ ಪದೇ ಸಾಲ ಮಾಡುತ್ತಿದ್ದವರು ಸಂಘದಲ್ಲೇ ತೀರಾ ಬಡವರು.

ಬಡ್ಡಿಯ ಪಾಠವನ್ನು ಅವಳು ತರಗತಿಯಲ್ಲಿ ಓದಿಯೇ ಇದ್ದಳು. ಆದರೆ ಬಡ್ಡಿಯ ಲೆಕ್ಕ ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಅನ್ನ ಸಾಗಿಸುವುದು ಕಂಡದ್ದು ಆ ಜಗಲಿಯ ಮೇಲೆ. ಶಿಬಿರ ಮುಗಿದ ಮೇಲೂ ಮೂರು ಸಲ ಬಸ್ಸು ಹಿಡಿದು ಅಲ್ಲಿಗೆ ಹೋದಳು. ತರಗತಿ ತಪ್ಪಿತು, ಹಾಜರಾತಿ ಕಡಿಮೆ ಬಿತ್ತು, ದಂಡ ಕಟ್ಟಿಸಿಕೊಂಡರು. ಅವಳು ಕಲಿತದ್ದಕ್ಕೆ ಅಂಕಪಟ್ಟಿಯಲ್ಲಿ ಒಂದು ಸಾಲೂ ಸಿಗಲಿಲ್ಲ. ಆಗ ನಾನು ಅವಳ ಪರವಾಗಿ ಗಟ್ಟಿಯಾಗಿ ಮಾತಾಡಬೇಕಿತ್ತು. ಮಾತಾಡಲಿಲ್ಲ. ಈಗ ನಿಮ್ಮೆಲ್ಲರ ಮುಂದೆ ಮಾತಾಡುತ್ತಿದ್ದೇನೆ.

1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್‌ಗೆ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಗೆ, ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋಗಿದ್ದವರು, ಅರ್ಥಶಾಸ್ತ್ರದ ಮೇಷ್ಟ್ರು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ: ಇದು ಇವತ್ತಿನ ಚೌಕಟ್ಟು. ಆ ಯೋಜನೆಯ ಬಗ್ಗೆ ನನಗೆ ಅಪಾರ ಗೌರವವಿದೆ, ಅದು ನನ್ನಂಥ ಎಷ್ಟೋ ಮೇಷ್ಟ್ರುಗಳ ಕಣ್ಣು ತೆರೆಸಿದೆ. ಆದರೆ ನಾವು ಅದನ್ನು ಪಾಠದಿಂದ ದೂರ ಇಟ್ಟೆವು. ಹಳ್ಳಿಗೆ ಹೋಗುತ್ತೇವೆ, ಶಾಲೆಯ ಅಂಗಳದ ಪಾರ್ಥೇನಿಯಂ ಕೀಳುತ್ತೇವೆ, ಸಮಾರೋಪದ ದಿನ ಹಾರ ಹಾಕಿಸಿಕೊಂಡು ಬರುತ್ತೇವೆ. ಮುಂದಿನ ಮಳೆಗಾಲಕ್ಕೆ ಪಾರ್ಥೇನಿಯಂ ಮತ್ತೆ ಸೊಂಟದೆತ್ತರ ಬೆಳೆದಿರುತ್ತದೆ. ನಾವು ಆಗ ಇನ್ನೊಂದು ಹಳ್ಳಿಯಲ್ಲಿರುತ್ತೇವೆ.

ಸೇವೆ ಮತ್ತು ಓದನ್ನು ಒಂದೇ ನೊಗಕ್ಕೆ ಕಟ್ಟುವುದು ನಮಗೆ ಹೊಸತೇನಲ್ಲ. ಕೃಷಿ ವಿಶ್ವವಿದ್ಯಾಲಯದ ಅಂತಿಮ ವರ್ಷದ ಮಕ್ಕಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ಉಳಿಯುತ್ತಾರೆ, ಅದು ಅವರ ಪದವಿಯ ಭಾಗ. ಸಮಾಜಕಾರ್ಯ ಓದುವವರಿಗೆ ವಾರದಲ್ಲಿ ಕೆಲವು ದಿನ ಕ್ಷೇತ್ರಕಾರ್ಯ, ವರದಿ, ಮೌಖಿಕ ಪರೀಕ್ಷೆ ಇರುತ್ತದೆ. ಬಿಎಡ್‌ನವರು ಶಾಲೆಗೆ ಹೋಗದೆ ಮೇಷ್ಟ್ರಾಗುವಂತಿಲ್ಲ. ಹಾಗಿರುವಾಗ ಬಿಎ, ಬಿಕಾಂ, ಬಿಎಸ್‌ಸಿ ಓದುವ ಲಕ್ಷಾಂತರ ಮಕ್ಕಳು ಮಾತ್ರ ಯಾಕೆ ನಾಲ್ಕು ಗೋಡೆಯೊಳಗೆ ಕೂರಬೇಕು? ರಸಾಯನಶಾಸ್ತ್ರದವರು ಊರಿನ ಕೊಳವೆಬಾವಿ ನೀರಿನ ಫ್ಲೋರೈಡ್ ಅಳೆಯಬಹುದು. ಪಾವಗಡದ ಕಡೆಯ ಮಕ್ಕಳಿಗೆ ಫ್ಲೋರೈಡ್ ಎಂದರೇನೆಂದು ಪುಸ್ತಕ ಹೇಳಿಕೊಡಬೇಕಿಲ್ಲ, ಅಜ್ಜನ ಬಾಗಿದ ಮೊಣಕಾಲೇ ಹೇಳುತ್ತದೆ. ಕನ್ನಡ ಐಚ್ಛಿಕದವರಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಕ್ಕಳ ಜೊತೆ ಕೂತು ಓದುವ ಕೆಲಸ ಕಾದಿದೆ.

ನಿಯಮದ ಅಡ್ಡಿಯೂ ಇಲ್ಲ. ಯುಜಿಸಿಯ ಕ್ರೆಡಿಟ್ ಚೌಕಟ್ಟಿನಲ್ಲಿ ಕ್ಷೇತ್ರಕಾರ್ಯಕ್ಕೆ, ಸಮುದಾಯ ಸೇವೆಗೆ ಜಾಗವಿದೆ: ವಾರಕ್ಕೆ ಎರಡು ಗಂಟೆಯಂತೆ ಸೆಮಿಸ್ಟರಿಗೆ 30 ಗಂಟೆ ಮಾಡಿದರೆ ಒಂದು ಕ್ರೆಡಿಟ್. ಈ ಲೆಕ್ಕದಲ್ಲಿ 240 ಗಂಟೆ ಎಂದರೆ ಎಂಟು ಕ್ರೆಡಿಟ್.

ಅಂಕ ಕೊಟ್ಟರೆ ಅದು ಸೇವೆ ಹೇಗಾದೀತು ಎಂದು ಹಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಅಂಕ ಬೆವರಿಗಲ್ಲ, ಕಲಿತದ್ದಕ್ಕೆ. ಸಂಘದ ಪುಸ್ತಕ ಬರೆದುಕೊಟ್ಟದ್ದಕ್ಕಲ್ಲ, ಆ ಪುಸ್ತಕ ಏನು ಹೇಳುತ್ತಿದೆ ಎಂದು ಕಂಡುಕೊಂಡದ್ದಕ್ಕೆ.

ನನ್ನನ್ನು ಕಾಡುವ ಭಯ ಬೇರೆ. ಮಕ್ಕಳು ಪುಕ್ಕಟೆ ಆಳುಗಳಾಗಬಾರದು. ಸಭೆಗೆ ಕುರ್ಚಿ ಹಾಕಲು, ಕಚೇರಿಯ ಹಳೆಯ ಕಡತ ಕಂಪ್ಯೂಟರಿಗೆ ಏರಿಸಲು “ಸ್ವಯಂಸೇವಕರನ್ನು ಕಳಿಸಿಕೊಡಿ” ಎಂದು ಪತ್ರ ಬಂದದ್ದನ್ನು ನೋಡಿದ್ದೇನೆ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸಕ್ಕೆ ವಿದ್ಯಾರ್ಥಿಯನ್ನು ಹಚ್ಚಿದರೆ, ಅತ್ತ ಒಬ್ಬರ ಕೂಲಿ ಹೋಗುತ್ತದೆ, ಇತ್ತ ಇವನ ಪಾಠವೂ ಹೋಗುತ್ತದೆ. ಇನ್ನೊಂದು ಮಾತು: ಸಂಜೆ ಅಂಗಡಿಯಲ್ಲಿ ದುಡಿದು ಫೀಸು ಕಟ್ಟುವ ಹುಡುಗರಿದ್ದಾರೆ, ಕತ್ತಲಾಗುವ ಮುಂಚೆ ಮನೆ ಸೇರಬೇಕಾದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಕಾಲೇಜು ಬಿಟ್ಟ ಮೇಲೆ ಸೇವೆ ಮಾಡಿ ಎನ್ನುವುದು ಅನ್ಯಾಯ. ಆದ್ದರಿಂದಲೇ ಇದು ವೇಳಾಪಟ್ಟಿಯ ಒಳಗೆ ಬರಬೇಕು, ಬಸ್ಸಿನ ಖರ್ಚು ಕಾಲೇಜು ಕೊಡಬೇಕು.

ಅಧ್ಯಯನ ಮಂಡಳಿಯಲ್ಲಿ ಕೂರುವ ಗೆಳೆಯರೇ, ಮುಂದಿನ ಸಲ ಪಠ್ಯಕ್ರಮ ತಿದ್ದುವಾಗ ಒಂದು ಪತ್ರಿಕೆಯನ್ನಾದರೂ ಊರಿನ ಕೆಲಸದ ಜೊತೆ ಜೋಡಿಸಿ. ಪಂಚಾಯಿತಿ ಸದಸ್ಯರೇ, ಸಂಘದ ತಾಯಂದಿರೇ, ಮಕ್ಕಳಿಗೆ ಏನು ಕೆಲಸ ಬೇಕು, ಏನು ಬೇಡ ಎಂದು ನೀವೇ ಹೇಳಿ. ಅವರು ಮಾಡಿದ ಕೆಲಸಕ್ಕೆ ಬೆಲೆ ಕಟ್ಟುವಾಗ ನಿಮ್ಮ ಮಾತನ್ನೂ ಕೇಳಬೇಕು. ತಂದೆತಾಯಂದಿರೇ, ಅಂಗನವಾಡಿಯ ಜಗಲಿಯ ಮೇಲೆ ಕೂತ ಮಗಳು ಓದು ಬಿಟ್ಟು ಅಲೆಯುತ್ತಿದ್ದಾಳೆ ಎಂದುಕೊಳ್ಳಬೇಡಿ.

ಪ್ರಾಂಶುಪಾಲರಲ್ಲಿ ನನ್ನದು ಒಂದೇ ಬೇಡಿಕೆ. ಈ ವರ್ಷದ ವೇಳಾಪಟ್ಟಿ ಗೋಡೆಗೆ ಅಂಟಿಸುವ ಮುನ್ನ ಗುರುವಾರದ ಮಧ್ಯಾಹ್ನ ಎರಡು ಗಂಟೆ ಖಾಲಿ ಬಿಡಿ. ಒಂದೇ ಊರು ಹಿಡಿಯಿರಿ, ವರ್ಷವಿಡೀ ಅಲ್ಲಿಗೇ ಹೋಗಿ. ಆ ಹೊತ್ತಿನ ಹಾಜರಾತಿಯನ್ನು ಅಲ್ಲಿಯೇ ತೆಗೆದುಕೊಳ್ಳಿ.