ಆ ಪುಟ್ಟ ಮನುಷ್ಯ ಎಲ್ಲಿ ಹೋದ?

ರಜೆಗೆಂದು ಬಂದಿದ್ದ ನಮ್ಮ ಅಕ್ಕನ ಮಗ ಮೂರು ರಾತ್ರಿ ಮನೆಮಂದಿಯನ್ನೆಲ್ಲ ಟಿ.ವಿ.ಯ ಮುಂದೆ ಕೂರಿಸಿ ‘ದಿ ಹಾಬಿಟ್’ ಚಿತ್ರಗಳನ್ನು ತೋರಿಸಿದ. ಇಂಗ್ಲಿಷ್ ಬಾರದ ನಮ್ಮ ತಾಯಿಯವರಿಗೆ ಕಥೆ ಹೇಳುವ ಹೊಣೆಯೂ ಅವನದೇ. ಘಟಸರ್ಪವೊಂದು ಕಾದಿರುವ ನಿಧಿಯನ್ನು ಮರಳಿ ಪಡೆಯಲು ಹೊರಟ ಹದಿಮೂರು ಮಂದಿ ಕುಬ್ಜರ ಜೊತೆಗೆ, ಮನೆ ಬಿಟ್ಟು ಹೊರಡಲೊಲ್ಲದ ಬಿಲ್ಬೊ ಎಂಬ ಪುಟ್ಟ ಗೃಹಸ್ಥನೊಬ್ಬ ಸೇರಿಕೊಳ್ಳುವ ಕಥೆ ಅದು. ಕತ್ತಲ ಗುಹೆಯಲ್ಲಿ ಅವನೂ ಗಾಲಂ ಎಂಬ ವಿಕಾರ ಜೀವಿಯೂ ಪ್ರಾಣವನ್ನೇ ಪಣವಾಗಿಟ್ಟು ಒಗಟು ಹಾಕಿಕೊಂಡಾಗ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮೂರನೆಯ ರಾತ್ರಿ ಯುದ್ಧ ಆರಂಭವಾಗಿ ಬಹಳ ಹೊತ್ತಾದ ಮೇಲೆ ಅಮ್ಮ ಕೇಳಿದರು: “ಅಲ್ಲವೋ ಮಗು, ಆ ಪುಟ್ಟ ಮನುಷ್ಯ ಎಲ್ಲಿ ಹೋದ? ಹರಿಕಥೆ ದಾಸರು ಉಪಕಥೆಗೆ ಹೋದರೂ ತಿರುಗಿ ಬರುತ್ತಿದ್ದರು. ಇವರು ಹೋದವರು ಬರಲೇ ಇಲ್ಲವಲ್ಲ!”

ಇದೇ ಪ್ರಶ್ನೆಯನ್ನು ಕೇಳಿಕೊಂಡು ಕತ್ತರಿ ಕೈಗೆತ್ತಿಕೊಂಡ ಪ್ರೇಕ್ಷಕರು ಲೋಕದಲ್ಲಿ ಹಲವರಿದ್ದಾರೆ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ನರು ಮಕ್ಕಳಿಗಾಗಿ ಬರೆದು 1937ರಲ್ಲಿ ಪ್ರಕಟಿಸಿದ ಮೂಲಗ್ರಂಥ ಸುಮಾರು ಮುನ್ನೂರು ಪುಟಗಳದು. ಪೀಟರ್ ಜಾಕ್ಸನ್ನರು ಅದನ್ನು 2012, 2013 ಮತ್ತು 2014ರಲ್ಲಿ ಮೂರು ಚಿತ್ರಗಳಾಗಿ ಹೊರತಂದರು. ಅವುಗಳ ಅವಧಿ ಕ್ರಮವಾಗಿ 169, 161 ಮತ್ತು 144 ನಿಮಿಷ. ಒಟ್ಟು ಹೆಚ್ಚುಕಡಮೆ ಎಂಟು ಗಂಟೆ. ಎರಡೇ ಚಿತ್ರಗಳೆಂದು ಹೊರಟದ್ದು 2012ರ ಜುಲೈನಲ್ಲಿ ಮೂರಾಯಿತು. ಪುಸ್ತಕದಲ್ಲಿ ಹೆಸರೇ ಇಲ್ಲದ ಟಾರಿಯಲ್ ಎಂಬ ವನಕನ್ನಿಕೆ ಬಂದಳು. ಅವಳ ಬೆನ್ನಿಗೇ ಒಂದು ಪ್ರೇಮಪ್ರಕರಣವೂ ಬಂದಿತು. ಪುಸ್ತಕದ ಕಥೆ ತೊಡಗುವ ಮೊದಲೇ ಸತ್ತಿದ್ದ ಅಜೋಗನೆಂಬ ರಾಕ್ಷಸ ಜೀವಂತನಾಗಿ ನಾಯಕರ ಬೆನ್ನಟ್ಟಿದ. ಈ ಸಂದಣಿಯಲ್ಲಿ ಬಿಲ್ಬೊ ಮರೆಯಾದುದರಲ್ಲಿ ಆಶ್ಚರ್ಯವೇನು?

2015ರ ಜನವರಿಯಲ್ಲಿ ‘ಟೋಲ್ಕಿನ್ ಎಡಿಟರ್’ ಎಂಬ ಗುಪ್ತನಾಮದ ಅಭಿಮಾನಿಯೊಬ್ಬರು ಮೂರೂ ಚಿತ್ರಗಳನ್ನು ಸುಮಾರು ನಾಲ್ಕೂವರೆ ಗಂಟೆಯ ಒಂದೇ ಚಿತ್ರವಾಗಿ ಹೊಸೆದರು. ಪ್ರೇಮಪ್ರಕರಣ ಹೋಯಿತು, ಅಜೋಗನ ಬೇಟೆ ಬಹುಮಟ್ಟಿಗೆ ಕುಗ್ಗಿತು. ಈ ಹವ್ಯಾಸ ಹೊಸತೇನಲ್ಲ. 1999ರ ‘ಸ್ಟಾರ್ ವಾರ್ಸ್’ ಚಿತ್ರದಿಂದ ಸುಮಾರು ಇಪ್ಪತ್ತು ನಿಮಿಷಗಳನ್ನು ಕಳೆದು, ಜಾರ್ ಜಾರ್ ಎಂಬ ಪಾತ್ರದ ಕೋಡಂಗಿತನವನ್ನು ತಗ್ಗಿಸಿದ ‘ಫ್ಯಾಂಟಮ್ ಎಡಿಟ್’ ಹಿಂದೆಯೇ ಕೈಯಿಂದ ಕೈಗೆ ಹರಿದಾಡಿತ್ತು.

ಕೆಲಸ ತೋರುವಷ್ಟು ಸುಲಭವಲ್ಲ. ಚಿತ್ರವನ್ನು ಕತ್ತರಿಸಬಹುದು, ಅದರಡಿ ಹರಿಯುತ್ತಿರುವ ಸಂಗೀತವನ್ನು ಕತ್ತರಿಸಿದರೆ ಕಿವಿ ಕೂಡಲೇ ಬೆಚ್ಚುತ್ತದೆ. ಆದ್ದರಿಂದ ಬೇರೆಡೆಯ ನಾದವನ್ನು ತಂದು ಹೊಲಿಗೆಯನ್ನು ಮರೆಮಾಡಬೇಕು. ತೆಗೆದ ದೃಶ್ಯದ ಮಾತೊಂದು ಮುಂದೆಲ್ಲೋ ಪ್ರಸ್ತಾಪವಾದರೆ ಅದನ್ನೂ ಬೆನ್ನಟ್ಟಿ ತೆಗೆಯಬೇಕು. ಚಿತ್ರೀಕರಿಸದೆ ಬಿಟ್ಟ ಮಾತೊಂದನ್ನು ಮಾತ್ರ ಯಾವ ಕತ್ತರಿಯೂ ಸೇರಿಸಲಾರದು.

ಹಾಗಾದರೆ ದೈರ್ಘ್ಯವೇ ದೋಷವೆ? ಅಲ್ಲವೆಂದು ನನ್ನ ಭಾವನೆ. ಇದೇ ಜಾಕ್ಸನ್ನರು 2001ರಿಂದ 2003ರವರೆಗೆ ತೆರೆಗೆ ತಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಇನ್ನೂ ದೀರ್ಘ. ಜನ ಅದರ ವಿಸ್ತೃತ ಪ್ರತಿಗಳನ್ನೂ ಕೊಂಡು ನೋಡಿದರು. ಆದರೆ ಅದರ ಮೂಲ ಸಾವಿರ ಪುಟಗಳ ಗ್ರಂಥ. ನಮ್ಮ ರನ್ನನೂ ಪಂಪಭಾರತದ ಒಂದು ಆಶ್ವಾಸದ ವಸ್ತುವನ್ನು ಹತ್ತು ಆಶ್ವಾಸಗಳಾಗಿ ಬೆಳೆಸಿದವನೇ. ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವನ್ನೇ ತಿರುಗಿ ನೋಡಿದರೂ ಭೀಮ ದುರ್ಯೋಧನರನ್ನು ಅವನು ಮರೆಯಲಿಲ್ಲ. ಬೆಳೆಸುವುದು ತಪ್ಪಲ್ಲ; ಯಾರ ಕಥೆಯೆಂಬುದನ್ನು ಮರೆಯುವುದು ತಪ್ಪು.

ಇಷ್ಟು ಹೇಳಿ ಜಾಕ್ಸನ್ನರನ್ನು ಹಳಿದು ಸುಮ್ಮನಾಗುವುದು ನ್ಯಾಯವಲ್ಲ. ನಿರ್ದೇಶಿಸಬೇಕಾಗಿದ್ದ ಗಿಲ್ಯರ್ಮೊ ಡೆಲ್ ಟೋರೊ ಅವರು 2010ರಲ್ಲಿ ಬಿಟ್ಟುಹೋದ ಮೇಲೆ ಹೊಣೆ ಇವರ ತಲೆಗೆ ಬಂದಿತು. ಸಾಕಷ್ಟು ಪೂರ್ವಸಿದ್ಧತೆಯಿಲ್ಲದೆಯೇ ಚಿತ್ರೀಕರಣಕ್ಕೆ ಇಳಿಯಬೇಕಾಯಿತೆಂದು ಅವರೇ ಅನಂತರ ಒಪ್ಪಿಕೊಂಡಿದ್ದಾರೆ. ಚಿತ್ರದ ಹಕ್ಕೂ ನಿರ್ಮಾಪಕರದೇ. ಅನುಮತಿಯಿಲ್ಲದೆ ಬದಲಿಸಿ ಹಂಚುವುದಕ್ಕೆ ಕಾನೂನಿನ ಬೆಂಬಲವಿಲ್ಲ. ಈ ಹವ್ಯಾಸಿಗಳಲ್ಲಿ ಮರ್ಯಾದಸ್ಥರು ಹಣ ಮುಟ್ಟುವುದಿಲ್ಲ. ಮೊದಲು ಮೂಲ ಪ್ರತಿಯನ್ನು ಕೊಳ್ಳಿರೆನ್ನುತ್ತಾರೆ.

ಅವರನ್ನು ಕಳ್ಳರೆನ್ನಲು ನನಗೆ ನಾಲಗೆ ಏಳದಿರುವುದಕ್ಕೆ ಬೇರೊಂದು ಕಾರಣವುಂಟು. ನಾನೂ ಕತ್ತರಿ ಹಿಡಿದವನೇ. ತರಗತಿಯ ವೇಳೆ ಸಾಲದೆಂದು ವರ್ಷವರ್ಷವೂ ರನ್ನನ ಪದ್ಯಗಳನ್ನು ಆಯ್ದು ಪಾಠ ಹೇಳುತ್ತೇನೆ. ಹೋದ ವರ್ಷ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸಾರ್, ಬಿಟ್ಟ ಭಾಗದಲ್ಲಿ ಏನಿದೆ?” ಎಂದು ಕೇಳಿದಳು. ಕ್ಷಣಕಾಲ ನಾಚಿಕೆಯಾಯಿತು. ಸಂಜೆ ಗ್ರಂಥಾಲಯದಿಂದ ಇಡಿಯ ಕಾವ್ಯವನ್ನು ತೆಗೆಸಿ ಅವಳ ಕೈಗಿತ್ತೆ.

ಮೂಲ ಕಪಾಟಿನಲ್ಲಿ ಉಳಿದಿರುವವರೆಗೆ ಕತ್ತರಿಯಿಂದ ಭಯವಿಲ್ಲ. ಅಕ್ಕನ ಮಗ ಈಗ ಆ ಮುನ್ನೂರು ಪುಟಗಳ ಪುಸ್ತಕವನ್ನೇ ಹಿಡಿದು, ದಿನಕ್ಕೊಂದು ಅಧ್ಯಾಯದಂತೆ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಾನೆ. ಪುಟ್ಟ ಮನುಷ್ಯ ಎಲ್ಲಿ ಹೋದನೆಂದು ಅವರು ಇದುವರೆಗೆ ಕೇಳಿಲ್ಲ.