ಆಟದ ವಾನಪ್ರಸ್ಥ

ಗೃಹಸ್ಥಾಶ್ರಮದ ಭಾರವನ್ನು ಮಕ್ಕಳಿಗೊಪ್ಪಿಸಿದವನಿಗೆ ವಾನಪ್ರಸ್ಥವೆಂಬ ಮತ್ತೊಂದು ಆಶ್ರಮವನ್ನು ನಮ್ಮ ಹಿರಿಯರು ವಿಧಿಸಿದ್ದರಷ್ಟೆ. ಕ್ರಿಕೆಟ್ ಆಡುವವನಿಗೂ ಅಂತಹುದೊಂದು ಆಶ್ರಮವುಂಟೆಂಬುದನ್ನು ನಾವು ತಡವಾಗಿ ಕಂಡುಕೊಂಡೆವು. ಈ ಹುಚ್ಚು ಹಿಡಿದ ಯಜಮಾನರನ್ನು ಸಹಿಸಿಕೊಂಡಿರುವ ಸೋದರಿಯರೂ ನಮ್ಮ ಮಾತಿಗೆ ಕಿವಿಗೊಡಬೇಕೆಂದು ಪ್ರಾರ್ಥನೆ.

ಸುಮಾರು ಮೂವತ್ತು ವರ್ಷಕಾಲ ನಾವು ಊರಿನ ತಂಡದಲ್ಲಿ ಭಾನುವಾರ ಭಾನುವಾರ ನಿಧಾನದ ಚೆಂಡನ್ನೆಸೆದೆವು. ಕಡೆಗೆ ಮೊಣಕಾಲು ಮುಷ್ಕರ ಹೂಡಿತು. ಅನಂತರ ಎರಡು ವರ್ಷ ಮೈದಾನದ ಅಂಚಿನಲ್ಲಿ ಕುಳಿತು ಹುಡುಗರ ತಪ್ಪನ್ನೆಣಿಸುವುದೇ ನಮ್ಮ ಕಸುಬಾಯಿತು. "ನಿಮ್ಮಿಂದ ಆ ಮಕ್ಕಳಿಗೆ ಕಿರುಕುಳವಲ್ಲದೆ ಬೇರೇನು ಲಾಭ?" ಎಂದು ಮನೆಯವರು ಒಂದು ದಿನ ಕೇಳಿದರು. ಉತ್ತರ ಹೊಳೆಯಲಿಲ್ಲ. ಮುಂದಿನ ಭಾನುವಾರ ಲೆಕ್ಕದ ಪುಸ್ತಕವನ್ನು ಕೈಗೆತ್ತಿಕೊಂಡೆವು.

ಆಟ ಮುಗಿದ ಮೇಲೂ ಆಟದ ಸೇವೆ ಮಾಡಿದ ಮಹನೀಯರು ಕಡಮೆಯಿಲ್ಲ. ಎಸ್. ವೆಂಕಟರಾಘವನ್ ಅವರು 57 ಟೆಸ್ಟ್ ಪಂದ್ಯಗಳನ್ನಾಡಿ, ತರುವಾಯ 73 ಟೆಸ್ಟ್ ಪಂದ್ಯಗಳಲ್ಲಿ ಅಂಪೈರಾಗಿ ನಿಂತರು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು 74 ಓಟಗಳಿಗೆ ಹತ್ತು ವಿಕೆಟ್ಟುಗಳನ್ನೂ ಉರುಳಿಸಿದಾಗ, ಅಂಪೈರುಗಳಿಬ್ಬರಲ್ಲಿ ಒಬ್ಬರು ನಮ್ಮ ನಾಡಿನ ಹಳೆಯ ಆಟಗಾರರಾದ ಎ. ವಿ. ಜಯಪ್ರಕಾಶರು. ಅವರ ಮಾತು ದೊಡ್ಡದು. ನಮ್ಮದು ಹುಣಸೆಮರದ ಕೆಳಗಿನ ಮುರುಕು ಮೇಜು. ಆದರೂ ಧರ್ಮವೊಂದೇ.

ಕ್ರಿಕೆಟ್ಟಿನ 42 ನಿಯಮಗಳಲ್ಲಿ ಮೂರನೆಯದು ಲೆಕ್ಕ ಬರೆಯುವವರಿಗೇ ಮೀಸಲು. ಬರೆಯುವವರು ಇಬ್ಬರಿರಬೇಕು, ಅಂಪೈರರ ಪ್ರತಿಯೊಂದು ಸನ್ನೆಗೂ ಕೂಡಲೇ ಮರುಸನ್ನೆ ಮಾಡಬೇಕು. ದಾಂಡಿಗರ ಓಟಗಳಿಗೆ ಇತರೆ ಓಟಗಳನ್ನು ಕೂಡಿಸಿದರೆ ಒಟ್ಟು ಮೊತ್ತ ಬರಬೇಕು. ಚೆಂಡೆಸೆದವರು ಕೊಟ್ಟ ಓಟಗಳಿಗೆ ಬೈ, ಲೆಗ್ ಬೈಗಳನ್ನು ಸೇರಿಸಿದರೂ ಅದೇ ಮೊತ್ತ ಬರಬೇಕು. ಹಾಲಿನವಳ ಗೋಡೆಯ ಗೀಟೂ ಗೃಹಿಣಿಯ ಚೀಟಿಯೂ ತಾಳೆಯಾಗುವಂತೆ ಎಂದರೆ ವಾಚಕಿಯರಿಗೆ ಬೇಗ ತಿಳಿದೀತು.

ಕಳೆದ ಮಾಘದಲ್ಲಿ ನೆರೆಯೂರಿನ ತಂಡ ಬಂದಿತ್ತು. ಅವರ ಕಡೆ ಲೆಕ್ಕ ಬರೆಯುವವರಿಲ್ಲದ್ದರಿಂದ ನಾವೊಬ್ಬರೇ ಬರೆದೆವು. ಅವರ ಕೊನೆಯ ವಿಕೆಟ್ಟು ಬಿದ್ದಾಗ ನಮ್ಮವರಿಗೆ ಒಂದು ಓಟದ ಜಯ. ನಾಲ್ಕು ವರ್ಷಗಳಿಂದ ಅವರನ್ನು ಸೋಲಿಸದಿದ್ದ ಹುಡುಗರು ಕುಣಿದಾಡಿದರು. ಅವರಲ್ಲಿ ಐವರು ನಮ್ಮ ಶಿಷ್ಯರು. ನಾವು ಕೂಡಿಸಿ ನೋಡಿದರೆ ಒಂದು ಓಟ ತಾಳೆಯಾಗದು! ಚೆಂಡೆಸೆದವನ ಸಾಲಿನಲ್ಲಿ ವೈಡ್ ಗುರುತಿದೆ, ಮೊತ್ತದಲ್ಲಿಲ್ಲ. ಆ ಹೊತ್ತಿನಲ್ಲಿ ಪಕ್ಕದವರೊಡನೆ ನಮ್ಮ ಹಿಂದಿನ ಪರಾಕ್ರಮವನ್ನು ವರ್ಣಿಸುತ್ತಿದ್ದುದು ನೆನಪಾಯಿತು.

ಪೆನ್ಸಿಲಿನ ಆ ಪುಟ್ಟ ಗುರುತನ್ನು ಅಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಬ್ಬರು ಕೈಯಲ್ಲಿಯೇ ಇತ್ತು. ಸುಳ್ಳು ಹೇಳುವುದಿಲ್ಲ, ಅದು ಕೆಲವು ಕ್ಷಣ ಕೈಯಲ್ಲಿಯೇ ಉಳಿಯಿತು. ಮೂವತ್ತೈದು ವರ್ಷ ಮಕ್ಕಳ ಪಟ್ಟಿಪುಸ್ತಕ ತಿದ್ದಿದ ಕೈ ಅದು.

ಮರದಡಿಯಲ್ಲಿ ಚಹ ಕುಡಿಯುತ್ತಿದ್ದ ಅಂಪೈರುಗಳ ಮುಂದೆ ಪುಸ್ತಕವನ್ನಿಟ್ಟೆವು. ಒಬ್ಬರಿಗೆ ತಾವು ಎರಡೂ ತೋಳು ಚಾಚಿದ್ದು ನೆನಪಿತ್ತು. ಪಂದ್ಯ ಸಮವೆಂದು ಸಾರಿದರು. ನಮ್ಮ ತಂಡದ ನಾಯಕ ಅಂದು ನಮ್ಮೊಡನೆ ಮಾತನಾಡದೆ ಸೈಕಲ್ಲೇರಿ ಹೊರಟುಹೋದ. ಅವನ ಮೇಲೆ ನಮಗೆ ಸಿಟ್ಟಿಲ್ಲ, ತಪ್ಪು ನಮ್ಮದು.

ಮೂರು ಭಾನುವಾರ ಪುಸ್ತಕ ನಮ್ಮ ಮನೆಗೆ ಬರಲಿಲ್ಲ. ನಾಲ್ಕನೆಯ ಭಾನುವಾರ ಅವನೇ ತಂದು ಜಗುಲಿಯ ಮೇಲಿಟ್ಟು, "ಹತ್ತು ಗಂಟೆಗೆ ಆಟ, ಸಾರ್" ಎಂದಷ್ಟೇ ಹೇಳಿದ. ಪುಸ್ತಕದೊಳಗೆ ಎರಡು ಪೆನ್ಸಿಲುಗಳಿದ್ದವು: ಒಂದು ನಮಗೆ, ಇನ್ನೊಂದು ಬರಹ ಕಲಿಯಲು ನಮ್ಮ ಪಕ್ಕದಲ್ಲಿ ಕೂರಲಿರುವ ಅವನ ತಂಗಿಗೆ.

ಆಟ ಬಿಟ್ಟ ಮಿತ್ರರೇ, ನಿಮ್ಮೂರಿನ ಮೈದಾನದಲ್ಲಿಯೂ ಸುಣ್ಣದ ಗೆರೆಯೆಳೆಯಲು, ಅಂಪೈರಾಗಿ ನಿಲ್ಲಲು, ಲೆಕ್ಕ ಬರೆಯಲು ಜನ ಸಾಲದು. ಹೋಗಿರಿ. ಹಳೆಯ ಪರಾಕ್ರಮವನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಿರಿ.