ಊಟವೂ ಮಾತೂ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರೇ. ಈ ಗಾದೆಯ ಎರಡು ಭಾಗಗಳೂ ಕೂಡುವ ಉದ್ಯೋಗವೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಮೈತೂಕ ಇಳಿಸಬೇಕೆನ್ನುವವರಿಗೆ ಮೊಬೈಲಿನಲ್ಲಿ ಆಹಾರದ ಪಟ್ಟಿ ಕಳಿಸಿ, ದಿನವೂ ಹುರಿದುಂಬಿಸುವ ಆನ್‌ಲೈನ್ ಸಲಹೆಗಾರರ ಉದ್ಯೋಗವೇ ಅದು. ಇವರು ಊಟವನ್ನು ಬಲ್ಲರು. ಮಾತನ್ನು ಬಲ್ಲರೇ ಎಂಬುದು ನನ್ನ ಪ್ರಶ್ನೆ.

ಬೊಜ್ಜು ಸಿರಿವಂತರ ಕಾಯಿಲೆಯೆಂಬ ಭಾವನೆ ನಮ್ಮ ಕಡೆ ಇನ್ನೂ ಅಳಿದಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ ಅಧಿಕ ತೂಕದವರು. ಇವರೆಲ್ಲರೂ ಸಿರಿವಂತರೇನೂ ಅಲ್ಲವಷ್ಟೆ.

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಅವರಲ್ಲೊಬ್ಬರು. ಸಕ್ಕರೆ ಕಾಯಿಲೆ, ಮಂಡಿನೋವು. ಬೆಂಗಳೂರಿನಲ್ಲಿರುವ ಮಗ ಹಣ ಕಟ್ಟಿ ಅವರನ್ನು ಇಂಥದೊಂದು ಕಾರ್ಯಕ್ರಮಕ್ಕೆ ಸೇರಿಸಿದ. ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, ರಜೆಯಲ್ಲಿ ಅವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. 'ಮುದ್ದೆ ಬಿಡಿ, ಓಟ್ಸ್ ತಿನ್ನಿ', 'ನಿನ್ನೆ ಏಕೆ ನಡೆಯಲಿಲ್ಲ?', 'ನೆಪ ಹೇಳುವವರು ಗೆಲ್ಲುವುದಿಲ್ಲ.' ಎತ್ತಿ ಆಡಿಸಿದ ಅಳಿಯನ ಬಾಯಲ್ಲಿ ಈ ಮಾತು ಕೇಳಿ ಅತ್ತೆ ತಲೆ ತಗ್ಗಿಸುತ್ತಿದ್ದರು. ಮೂರನೆಯ ವಾರ ಅವರು ಮೊಬೈಲನ್ನು ಕುರಿ ಮೇಯಿಸುವ ಹುಡುಗನ ಜೇಬಿಗೆ ಹಾಕಿ ಕಳಿಸಿದರು. ಸಂಜೆಗೆ ಹತ್ತು ಸಾವಿರ ಹೆಜ್ಜೆ, ಒಡನೆಯೇ ಅಭಿನಂದನೆ! ನಾವೆಲ್ಲ ನಕ್ಕೆವು. ಆದರೆ ಸುಳ್ಳಾಡದ ಅತ್ತೆಗೆ ಅಂಜಿಕೆ ಸುಳ್ಳನ್ನು ಕಲಿಸಿತಲ್ಲಾ ಎಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್, ಕುಡಿತ ಬಿಡಿಸುವ ಚಿಕಿತ್ಸೆಯ ಅನುಭವದಿಂದ 1983ರಲ್ಲಿ ಒಂದು ಸಂವಾದ ಕ್ರಮವನ್ನು ವಿವರಿಸಿದರು. ಬದಲಾಗಬೇಕೆನ್ನುವವನ ಮನಸ್ಸು ಇಬ್ಬಗೆಯಾಗಿರುತ್ತದೆ. ಹೊರಗಿನವರು ಒತ್ತಿದಷ್ಟೂ ಅವನು ಎದುರು ವಾದವನ್ನೇ ಹೂಡುತ್ತಾನೆ. ಆದುದರಿಂದ ಬದಲಾವಣೆಯ ಕಾರಣ ಅವನ ಬಾಯಿಂದಲೇ ಬರುವಂತೆ ಕೇಳಬೇಕು ಎಂಬುದು ಅದರ ಸಾರ. ಮುಂದೆ ಈ ಕ್ರಮವನ್ನು ತೂಕ ಇಳಿಸುವ ಚಿಕಿತ್ಸೆಗೂ ಬಳಸಿದರು.

ಇದನ್ನೋದಿದ ಮೇಲೆ ನಾನು ಅತ್ತೆಯನ್ನು ಕೇಳಿದೆ: "ತೂಕ ಯಾಕೆ ಇಳೀಬೇಕು ಅಂತ ನಿಮಗನ್ಸುತ್ತೆ, ಅತ್ತೆ?" ತುಸು ಹೊತ್ತು ಸುಮ್ಮನಿದ್ದು ಅವರೆಂದರು: "ದುರ್ಗದ ಬೆಟ್ಟ ಹತ್ತಿ ಏಕನಾಥೇಶ್ವರಿ ಅಮ್ಮನ ಮುಖ ನೋಡಿ ನಾಕು ವರ್ಷ ಆಯ್ತು ಕಣಪ್ಪಾ." ರಾತ್ರಿಯ ಮುದ್ದೆ ಅರ್ಧವಾಗಲಿ, ಸೊಪ್ಪಿನ ಸಾರು ಹೆಚ್ಚಲಿ, ಕೆರೆ ಏರಿಯವರೆಗೆ ನಡೆಯುತ್ತೇನೆ ಎಂದು ತಾವೇ ಗೊತ್ತುಮಾಡಿಕೊಂಡರು. ಮೂರು ತಿಂಗಳಲ್ಲಿ ಮೂರು ಕಿಲೋ ಇಳಿದಿದೆ. ಇದು ಅಲ್ಪವೆನ್ನುವವರುಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ತೂಕ ನಿಧಾನವಾಗಿ ಇಳಿಯಬೇಕೆಂದೇ ಹೇಳುತ್ತದೆ.

ಆನ್‌ಲೈನ್ ಸಲಹೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಹಿರಿಯೂರು, ಹೊಸದುರ್ಗದ ಹಳ್ಳಿಯ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ ಆಹಾರತಜ್ಞರನ್ನು ಅರಸಿ ಬರುವುದು ಸುಲಭವಲ್ಲ. ಮೊಬೈಲು ಅವಳ ಮನೆಗೇ ಹೋಗಬಲ್ಲುದು. ಆದರೆ ಅದರಲ್ಲಿ ಬರುವ ಮಾತು ಕನ್ನಡವಾಗಿರಲಿ. ಹೇಳುವ ಮೊದಲು ಕೇಳಲಿ. ಅವಳ ತಟ್ಟೆಯ ಮುದ್ದೆಯನ್ನು ಗೌರವಿಸಲಿ.

ಸೋದರ ವಿದ್ಯಾರ್ಥಿಗಳೇ, ನಮ್ಮಲ್ಲಿ ಅನೇಕರು ಮನೆಯ ಮೊದಲ ಓದುಗರು. ಪರರ ಬೈಗುಳವನ್ನು ತಾಯಿತಂದೆಗಳಿಗೆ ಓದಿ ಹೇಳುವ ಮುನ್ನ, ಅವರ ಮನಸ್ಸಿನಲ್ಲೇನಿದೆಯೆಂದು ಒಮ್ಮೆ ಕೇಳೋಣ. ನಮ್ಮ ವಿದ್ಯೆಯಿಂದ ಅವರಿಗೆ ಅಷ್ಟಾದರೂ ಉಪಕಾರವಾಗಲಿ.